ಪಂಪಿನ ಮೇಲೆ 150, ನಾಝಲ್ ಬಾಯಲ್ಲಿ 84: ಒಂದು ಟರ್ಬೊ ಕಾರಿನ ಮೆಥನಾಲ್ ಇಂಜೆಕ್ಷನ್ ಪ್ರಕರಣ

ಬೆಂಗಳೂರಿನ ಒಂದು ಗ್ಯಾರೇಜಿಗೆ ಬಂದ ಟರ್ಬೊ ಪೆಟ್ರೋಲ್ ಕಾರಿನ ಪ್ರಕರಣ ಇದು. ಮಾಲೀಕರ ಹೆಸರು, ಗ್ಯಾರೇಜಿನ ಹೆಸರು, ಕಾರಿನ ಮಾಡೆಲ್, ಕಿಟ್ ಯಾರದ್ದು ಅನ್ನೋದು ಯಾವುದನ್ನೂ ಇಲ್ಲಿ ಹೇಳುತ್ತಿಲ್ಲ. ಓದುವವರಿಗೆ ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ಸ್ವಲ್ಪ ದುಂಡಾಗಿಸಿದ್ದೇನೆ.

ಹಿನ್ನೆಲೆ

1.8 ಲೀಟರಿನ, ನಾಲ್ಕು ಸಿಲಿಂಡರಿನ ಡೈರೆಕ್ಟ್ ಇಂಜೆಕ್ಷನ್ ಎಂಜಿನ್. ಕಂಪನಿಯ ಟರ್ಬೊ ತೆಗೆದು ದೊಡ್ಡದು ಹಾಕಿದ್ದರು. ಬೂಸ್ಟ್, ಅಂದರೆ ಟರ್ಬೊ ಎಂಜಿನ್ನಿಗೆ ತಳ್ಳುವ ಗಾಳಿಯ ಒತ್ತಡ, 20 ಪಿಎಸ್‌ಐ (ಒತ್ತಡದ ಅಳತೆ), ಗುರಿ 280 ಹಾರ್ಸ್‌ಪವರ್. ಕಾರು ಟ್ರ್ಯಾಕಿಗೆ ಮಾತ್ರ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಮಾರ್ಪಾಡುಗಳನ್ನು ಒಪ್ಪುವುದಿಲ್ಲ, ಹಾಗಾಗಿ ಇದನ್ನು ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇಗೆ ಲಾರಿ ಮೇಲೆ ಹೇರಿಕೊಂಡು ಹೋಗುತ್ತಿದ್ದರು.

ಮೆಥನಾಲ್ ಅನ್ನೋ ಆಲ್ಕೋಹಾಲಿನ ಇಂಜೆಕ್ಷನ್ ಯಾಕೆ ಬೇಕಾಯಿತು? 20 ಪಿಎಸ್‌ಐ ಬೂಸ್ಟಿಗೆ ಸಾಮಾನ್ಯ ಪೆಟ್ರೋಲಿನ ಆಕ್ಟೇನ್, ಅಂದರೆ ನಾಕಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ತಾನಾಗಿಯೇ ಸ್ಫೋಟದಂತೆ ಹೊತ್ತಿಕೊಳ್ಳುವುದು) ತಡೆಯುವ ಶಕ್ತಿ, ಸಾಲದು. 100 ಆಕ್ಟೇನ್ ಪೆಟ್ರೋಲ್ ಬಂದಿದೆ ನಿಜ, ಆದರೆ ಎಲ್ಲ ಬಂಕಲ್ಲೂ ಸಿಗಲ್ಲ. ಬೇಸಿಗೆಯಲ್ಲಿ ಟರ್ಬೊದ ಗಾಳಿ ತಣಿಸುವ ಇಂಟರ್‌ಕೂಲರ್ ಕೂಡ ಒಂದೆರಡು ಲ್ಯಾಪಿನಲ್ಲಿ ಕೈಚೆಲ್ಲುತ್ತದೆ. ನೀರು ಮತ್ತು ಮೆಥನಾಲ್ ಅರ್ಧಕ್ಕರ್ಧ ಬೆರೆಸಿ ಇಂಟೇಕಿಗೆ (ಎಂಜಿನ್ನಿಗೆ ಗಾಳಿ ಹೋಗುವ ದಾರಿಗೆ) ಸ್ಪ್ರೇ ಮಾಡಿದರೆ ಎರಡು ಲಾಭ. ಒಂದು ಕೆ.ಜಿ. ನೀರು ಆವಿಯಾಗಲು ಸುಮಾರು 2,257 ಕಿಲೋಜೂಲ್ ಶಾಖ ಹೀರುತ್ತದೆ, ಮೆಥನಾಲ್ ಸುಮಾರು 1,100. ಪೆಟ್ರೋಲ್ ಹೀರುವುದು 350ರ ಆಸುಪಾಸು ಅಷ್ಟೆ. ಅಂದರೆ ಒಳಗೆ ಹೋಗುವ ಗಾಳಿ ತಣ್ಣಗಾಗುತ್ತದೆ. ಜೊತೆಗೆ ಮೆಥನಾಲ್ ತಾನೂ ಉರಿಯುತ್ತದೆ, ನಾಕಿಂಗಿಗೆ ಸುಲಭವಾಗಿ ಬಗ್ಗುವುದೂ ಇಲ್ಲ.

ಮೆಥನಾಲ್ ವಿಷ. ಕುಡಿದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಚರ್ಮದ ಮೂಲಕವೂ ಒಳಗಿಳಿಯುತ್ತದೆ, ಬಿಸಿಲಲ್ಲಿ ಅದರ ಉರಿ ಕಣ್ಣಿಗೆ ಕಾಣುವುದೇ ಇಲ್ಲ. ಈ ಗ್ಯಾರೇಜಿನಲ್ಲಿ ಕ್ಯಾನಿಗೆ ಕೆಂಪು ಬಣ್ಣ ಬಳಿದು ಬೀಗ ಹಾಕಿ ಇಟ್ಟಿದ್ದರು. ನೀರಿನ ಬಾಟಲಿಗೆ ತುಂಬಿಸಿ ಇಡುವವರನ್ನು ಬೇರೆ ಕಡೆ ನೋಡಿದ್ದೇನೆ. ಅದಕ್ಕಿಂತ ದೊಡ್ಡ ತಪ್ಪು ಈ ಕೆಲಸದಲ್ಲಿ ಇನ್ನೊಂದಿಲ್ಲ.

ಮಿಶ್ರಣವನ್ನು ಸ್ಪ್ರೇ ಮಾಡುವ ನಾಝಲ್ ಆರಿಸಿದ ಲೆಕ್ಕ ಸರಿಯಾಗಿಯೇ ಇತ್ತು. 280 ಹಾರ್ಸ್‌ಪವರಿಗೆ ಪೂರ್ತಿ ಲೋಡಿನಲ್ಲಿ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ಪೆಟ್ರೋಲ್ ಬೇಕು. ಅದರ ಶೇಕಡ 15ರಿಂದ 20ರಷ್ಟು ಮಿಶ್ರಣ ಕೊಡುವುದು ರೂಢಿ. ಅಂದರೆ ನಿಮಿಷಕ್ಕೆ 230ರಿಂದ 300 ಮಿ.ಲೀ. ತಂದ ನಾಝಲ್ 100 ಪಿಎಸ್‌ಐ ಒತ್ತಡದಲ್ಲಿ 225 ಮಿ.ಲೀ. ಕೊಡುವಂಥದ್ದು. ಪಂಪಿನ ಸ್ಟಿಕರ್ ಮೇಲೆ 150 ಪಿಎಸ್‌ಐ ಅಂತ ಬರೆದಿತ್ತು.

ಇಲ್ಲೊಂದು ನಿಯಮ ತಿಳಿದಿರಬೇಕು. ನಾಝಲಿನಿಂದ ಎಷ್ಟು ಬರುತ್ತದೆ ಅನ್ನೋದು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರಿಳಿಯುತ್ತದೆ. ಆ ಒತ್ತಡ ಅಂದರೆ ಪಂಪಿನ ಒತ್ತಡ ಅಷ್ಟೇ ಅಲ್ಲ, ಅದರಲ್ಲಿ ಬೂಸ್ಟನ್ನು ಕಳೆದು ಉಳಿದದ್ದು. ಯಾಕಂದರೆ ನಾಝಲಿನ ಬಾಯಿ ಇರುವುದು ಬೂಸ್ಟಿನ ಒಳಗೇ, ಅದು ವಾಪಸ್ ತಳ್ಳುತ್ತಿರುತ್ತದೆ. 150ರಲ್ಲಿ 20 ಕಳೆದರೆ 130, ಅಂದರೆ ನಾಝಲಿನ ಅಂಕಿ ಹೇಳಿದ 100 ಪಿಎಸ್‌ಐಯ 1.3 ಪಟ್ಟು. 1.3ರ ವರ್ಗಮೂಲ 1.14. ಅದನ್ನು 225ಕ್ಕೆ ಗುಣಿಸಿದರೆ 256 ಮಿ.ಲೀ. ಕಾಗದದ ಮೇಲೆ ಎಲ್ಲಾ ಚೆನ್ನಾಗಿತ್ತು.

ಜೋಡಣೆ ಹೀಗಿತ್ತು: ಟ್ಯಾಂಕು, ಪಂಪು ಎರಡೂ ಡಿಕ್ಕಿಯಲ್ಲಿ. ಅಲ್ಲಿಂದ ಕಾರಿನ ಕೆಳಗೆ ನೈಲಾನ್ ಪೈಪ್. ಇಂಟರ್‌ಕೂಲರ್ ಆದ ಮೇಲೆ, ಥ್ರಾಟಲ್ ಬಾಡಿಗೆ (ಎಂಜಿನ್ನಿಗೆ ಹೋಗುವ ಗಾಳಿಯನ್ನು ಹಿಡಿತದಲ್ಲಿಡುವ ಭಾಗ) ಒಂದು ಗೇಣು ಮುಂಚೆ ನಾಝಲ್. ಬೂಸ್ಟ್ 8 ಪಿಎಸ್‌ಐ ದಾಟಿದರೆ ಪಂಪ್ ನಿಧಾನವಾಗಿ ಶುರು, 18 ಆದಾಗ ಪೂರ್ತಿ ವೇಗ. ಈ ವೇಗ ಏರಿಸಿ ಇಳಿಸುವ ಕೆಲಸ ಒಂದು ಪುಟ್ಟ ಕಂಟ್ರೋಲರಿನದು.

ಏನಾಯಿತು

ಏಪ್ರಿಲ್ ಬಿಸಿಲಿನ ಟ್ರ್ಯಾಕ್ ಡೇಯಲ್ಲಿ ಎರಡು ತೊಂದರೆ ಒಟ್ಟಿಗೆ ಕಂಡವು. ಒಂದು, 5,000 ಆರ್‌ಪಿಎಂ ಮೇಲೆ ಎಂಜಿನ್ ನಾಕ್ ಆಗುತ್ತಿತ್ತು. ಅದನ್ನು ತಡೆಯಲು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಟೈಮಿಂಗನ್ನು, ಅಂದರೆ ಪ್ಲಗ್ ಕಿಡಿ ಹಾರಿಸುವ ಸಮಯವನ್ನು, ನಾಲ್ಕೂ ಸಿಲಿಂಡರಿನಲ್ಲಿ ಹತ್ತಿರಹತ್ತಿರ 6 ಡಿಗ್ರಿ ಹಿಂದಕ್ಕೆ ಎಳೆಯುತ್ತಿತ್ತು. ಇನ್ನೊಂದು, ತಿರುವಿನಿಂದ ಹೊರಬರುವಾಗ 2,500 ಆರ್‌ಪಿಎಂ ಹತ್ತಿರ ಆಕ್ಸಿಲರೇಟರ್ ಒತ್ತಿದರೆ ಕಾರು ಒಂದು ಕ್ಷಣ ಮುಗ್ಗರಿಸಿ ಆಮೇಲೆ ಹೋಗುತ್ತಿತ್ತು.

ಮೇಲಿನ ಆರ್‌ಪಿಎಂನಲ್ಲಿ ಮಿಶ್ರಣ ಕಡಿಮೆ, ಕೆಳಗಿನದರಲ್ಲಿ ಜಾಸ್ತಿ. ಎರಡೂ ಒಂದೇ ಪಂಪಿನಿಂದ ಅನ್ನೋದು ಆಗ ಯಾರಿಗೂ ಹೊಳೆಯಲಿಲ್ಲ. ಮುಗ್ಗರಿಸುವುದಕ್ಕೆ ಟರ್ಬೊ ಲ್ಯಾಗ್ (ಟರ್ಬೊ ವೇಗ ಹಿಡಿಯಲು ಆಗುವ ತಡ) ಕಾರಣ ಅಂದುಕೊಂಡು ಬಿಟ್ಟರು. ನಾಕಿಂಗ್ ಒಂದನ್ನೇ ಹಿಡಿದುಕೊಂಡರು.

ಗ್ಯಾರೇಜಿಗೆ ವಾಪಸ್ ಬಂದು ಮೊದಲು ಮಾಡಿದ್ದು ಜಾರ್ ಪರೀಕ್ಷೆ. ನಾಝಲ್ ಬಿಚ್ಚಿ, ಅಳತೆಯ ಜಾರಿಗೆ ಬಾಯಿ ತಿರುಗಿಸಿ, ಅರ್ಧ ನಿಮಿಷ ಪಂಪ್ ಓಡಿಸಿದರು. 103 ಮಿ.ಲೀ. ಬಿತ್ತು. ನಿಮಿಷಕ್ಕೆ 206.

"225 ಅಂತ ಬರೆದವ್ರೆ, 206 ಬರ್ತಾ ಐತೆ. ಪಂಪು ಸರಿ ಐತೆ ಸರ್, ನಾಝಲ್ ಸಣ್ದಾಯ್ತು" ಅಂದರು ಮೆಕ್ಯಾನಿಕ್.

ಮಾಲೀಕರಿಗೂ ಸರಿ ಅನ್ನಿಸಿತು. ಇಲ್ಲೇ ದಾರಿ ತಪ್ಪಿದ್ದು. ಜಾರಿನಲ್ಲಿ ಬೂಸ್ಟ್ ಇರುವುದಿಲ್ಲ, ನಾಝಲಿನ ಎದುರು ತಳ್ಳುವವರು ಯಾರೂ ಇಲ್ಲ. ಅಲ್ಲೂ 206 ಬಂತು ಅಂದರೆ ಪಂಪಿನ ಒತ್ತಡ 100ಕ್ಕಿಂತ ಕೆಳಗಿದೆ ಅಂತಲೇ ಅರ್ಥ. 150 ಇದ್ದಿದ್ದರೆ ಜಾರಿಗೆ 275 ಬೀಳಬೇಕಿತ್ತು. ಉತ್ತರ ಜಾರಿನಲ್ಲೇ ಇತ್ತು, ಹೋಲಿಸಿದ್ದು ಮಾತ್ರ ತಪ್ಪು ಅಂಕಿಯ ಜೊತೆ.

ದೊಡ್ಡ ನಾಝಲ್ ಹಾಕಿದ ಮೇಲೆ

375 ಮಿ.ಲೀ. ನಾಝಲ್ ಬಂತು. ಕಾರನ್ನು ನಿಂತಲ್ಲೇ ಓಡಿಸಿ ಪವರ್ ಅಳೆಯುವ ಯಂತ್ರವಾದ ಡೈನೊ ಮೇಲೆ ಓಡಿಸಿದರು. ನಾಕಿಂಗ್ ಕಡಿಮೆ ಆಯಿತು, ಆದರೆ ವಿಚಿತ್ರವಾಗಿ ಕಡಿಮೆ ಆಯಿತು. ಒಂದನೇ ಸಿಲಿಂಡರಿನಲ್ಲಿ ಟೈಮಿಂಗ್ 1 ಡಿಗ್ರಿ ಹಿಂದೆ, ನಾಲ್ಕನೆಯದರಲ್ಲಿ 7. ಅದರ ಜೊತೆ ಮೇಲಿನ ಆರ್‌ಪಿಎಂನಲ್ಲಿ ಮಿಸ್‌ಫೈರ್ (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತಿಕೊಳ್ಳದಿರುವುದು) ಶುರುವಾಯಿತು. ಕೆಳಗಿನ ಮುಗ್ಗರಿಕೆಯಂತೂ ಈಗ ಕಾರು ನಿಂತೇಹೋಗುವಷ್ಟು ಜೋರಾಯಿತು.

ಮಿಸ್‌ಫೈರಿಗೆ ಪ್ಲಗ್ ಗ್ಯಾಪ್ ಕಮ್ಮಿ ಮಾಡಿ ನೋಡಿದರು. ಕಾಯಿಲ್ ಬದಲಿಸಿದರು. ದುಡ್ಡು ಹೋಯಿತು, ಮಿಸ್‌ಫೈರ್ ಹೋಗಲಿಲ್ಲ.

ಆಗ ಇಸಿಯು ಸೆಟ್ಟಿಂಗ್ ನೋಡಿಕೊಳ್ಳುವ ಟ್ಯೂನರ್ ಒಂದು ಮಾತು ಕೇಳಿದರು. ಪ್ರಕರಣ ತಿರುಗಿದ್ದು ಅದರಿಂದಲೇ. "ನಾಕಿಂಗ್ ಮೊದಲು ನಾಲ್ಕೂ ಸಿಲಿಂಡರಿಗೆ ಸಮ ಇತ್ತು. ಈಗ ಯಾಕೆ ಒಂದಕ್ಕೊಂದು ಬೇರೆ?"

ಮಿಶ್ರಣ ಕಮ್ಮಿ ಅಂದರೆ ಎಲ್ಲ ಸಿಲಿಂಡರಿಗೂ ಕಮ್ಮಿ ಆಗಬೇಕು. ಒಂದಕ್ಕೆ ಜಾಸ್ತಿ, ಇನ್ನೊಂದಕ್ಕೆ ಕಮ್ಮಿ ಅಂದರೆ ಅದು ಗಾಳಿಯ ಜೊತೆ ತೇಲಿಕೊಂಡು ಹೋಗುತ್ತಿಲ್ಲ, ಪೈಪಿನ ಗೋಡೆ ಹಿಡಿದು ಹರಿಯುತ್ತಿದೆ. ಮಂಜಿನಷ್ಟು ಸಣ್ಣ ಹನಿ ಗಾಳಿ ತಿರುಗಿದ ಕಡೆ ತಾನೂ ತಿರುಗುತ್ತದೆ. ದಪ್ಪ ಹನಿ ನೇರ ಹೋಗಿ ಗೋಡೆಗೆ ಬಡಿಯುತ್ತದೆ, ಅಲ್ಲಿಂದ ಇಳಿದು ಯಾವ ಸಿಲಿಂಡರ್ ಹತ್ತಿರವೋ ಅದಕ್ಕೆ ಬೀಳುತ್ತದೆ. ಹನಿ ಸಣ್ಣದಾಗಬೇಕಾದರೆ ಒತ್ತಡ ಬೇಕು.

ನಾಝಲ್ ಬಿಚ್ಚಿ ಬಾನೆಟ್ ಮುಂದೆ ಕೈಯಲ್ಲಿ ಹಿಡಿದು ಪಂಪ್ ಓಡಿಸಿದರು. ಮಧ್ಯ ವೇಗದಲ್ಲಿ ಅದು ಸ್ಪ್ರೇ ಆಗಿರಲೇ ಇಲ್ಲ. ನಡುವೆ ಒಂದು ದಾರದಂಥ ಧಾರೆ, ಸುತ್ತ ಒಂದಷ್ಟು ಹನಿ. ನೆಲದ ಮೇಲೆ ಹಾಸಿದ್ದ ಪೇಪರಿನಲ್ಲಿ ಒಂದೇ ಕಡೆ ಒದ್ದೆಯಾಗಿ ತೂತು ಬಿತ್ತು. ಈ ಪರೀಕ್ಷೆ ಬರೀ ನೀರಿನಲ್ಲಿ ಮಾಡಿದ್ದು. ಮೆಥನಾಲ್ ಹಾಕಿಕೊಂಡು ಹೀಗೆ ಹೊರಗೆ ಸ್ಪ್ರೇ ಮಾಡಬಾರದು, ಅರ್ಧಕ್ಕರ್ಧ ಮಿಶ್ರಣಕ್ಕೂ ಬೆಂಕಿ ಹತ್ತುತ್ತದೆ.

ಗೇಜ್ ಹಾಕಿದ ದಿನ

ನಾಝಲಿಗೆ ಒಂದು ಗೇಣು ಮುಂಚೆ ಪೈಪಿಗೆ ಟೀ ಜಾಯಿಂಟ್ ಹಾಕಿ ಪ್ರೆಶರ್ ಗೇಜ್ ಕೂರಿಸಿದರು. ಬಾನೆಟ್ ತೆರೆದಿಟ್ಟು ಡೈನೊ ಮೇಲೆ ಓಡಿಸಿದರು. ಹಳೆಯ 225ರ ನಾಝಲಿನಲ್ಲಿ, 20 ಪಿಎಸ್‌ಐ ಬೂಸ್ಟಿನಲ್ಲಿ ಗೇಜ್ ತೋರಿಸಿದ್ದು 84. 375ರದ್ದು ಹಾಕಿದಾಗ 68.

ಈಗ ಲೆಕ್ಕ ನೋಡಿ. 84ರಲ್ಲಿ 20 ಕಳೆದರೆ 64. 0.64ರ ವರ್ಗಮೂಲ 0.8. ಅಲ್ಲಿಗೆ 180 ಮಿ.ಲೀ. ಬೇಕಿದ್ದ 256 ಎಲ್ಲಿ, 180 ಎಲ್ಲಿ? ನಾಕ್ ಆಗದೆ ಇನ್ನೇನಾಗುತ್ತದೆ.

ದೊಡ್ಡ ನಾಝಲಿನದು ಇನ್ನೂ ಸ್ವಾರಸ್ಯ. 68ರಲ್ಲಿ 20 ಹೋದರೆ 48, ಬರುವುದು 260 ಮಿ.ಲೀ. ಪ್ರಮಾಣ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು! ಆದರೂ ಎಂಜಿನ್ ಒಪ್ಪಲಿಲ್ಲ. ಅಷ್ಟೇ ಮಿಶ್ರಣ, 130 ಪಿಎಸ್‌ಐ ವ್ಯತ್ಯಾಸದಲ್ಲಿ ಮಂಜಾಗಿ ಬರುವುದಕ್ಕೂ 48ರಲ್ಲಿ ಹನಿಹನಿಯಾಗಿ ಬರುವುದಕ್ಕೂ ಅಜಗಜಾಂತರ. ಜಾರಿನಲ್ಲಿ ಅಳೆದರೆ ಈ ವ್ಯತ್ಯಾಸ ಯಾವತ್ತೂ ಕಾಣುವುದಿಲ್ಲ.

ಕೆಳಗಿನ ಮುಗ್ಗರಿಕೆಗೂ ಇಲ್ಲೇ ಉತ್ತರ ಸಿಕ್ಕಿತು. ಬೂಸ್ಟ್ 8 ಇದ್ದಾಗ, ಪಂಪ್ ಇನ್ನೂ ನಿಧಾನವಾಗಿ ತಿರುಗುತ್ತಿರುವಾಗ, ಗೇಜ್ ಸುಮಾರು 40 ತೋರಿಸಿತು. 375ರ ನಾಝಲ್ ಆ ಒತ್ತಡದಲ್ಲೂ ನಿಮಿಷಕ್ಕೆ 210 ಮಿ.ಲೀ. ಬಿಡುತ್ತದೆ. ಆ ಹೊತ್ತಿಗೆ ಎಂಜಿನ್ ಕುಡಿಯುತ್ತಿರುವ ಪೆಟ್ರೋಲೇ ನಿಮಿಷಕ್ಕೆ ಅರ್ಧ ಲೀಟರ್ ಇಲ್ಲ. ಪೆಟ್ರೋಲಿನ ಅರ್ಧದಷ್ಟು ನೀರು-ಮೆಥನಾಲ್ ದಪ್ಪ ಹನಿಯಾಗಿ ಬಿದ್ದರೆ ಬೆಂಕಿ ಆರದೆ ಇರುತ್ತದಾ?

ಪಂಪಿನ ವೇಗ ಇಳಿಸಿ ಪ್ರಮಾಣ ಇಳಿಸುವ ವಿಧಾನದ ಮಿತಿಯೇ ಇದು. ವರ್ಗಮೂಲದ ನಿಯಮದಿಂದಾಗಿ, ಪ್ರಮಾಣ ಅರ್ಧ ಆಗಬೇಕಾದರೆ ಒತ್ತಡ ಕಾಲು ಭಾಗಕ್ಕೆ ಇಳಿಯಬೇಕು. ಅಷ್ಟರಲ್ಲಿ ಸ್ಪ್ರೇ ಕೆಟ್ಟುಹೋಗಿರುತ್ತದೆ. ಕಂಟ್ರೋಲರಿನ ಪರದೆ ಮೇಲೆ ಶೇಕಡ 30, 60, 100 ಅಂತ ಬರುವುದನ್ನು ನೋಡಿ ಪ್ರಮಾಣವೂ ಹಾಗೇ ಏರುತ್ತದೆ ಅಂದುಕೊಳ್ಳುವವರು ಬಹಳ ಜನ.

150 ಎಲ್ಲಿ ಸೋರಿಹೋಯಿತು?

ಮೊದಲ ಅನುಮಾನ ಪೈಪಿನ ಮೇಲೆ. ಒಳಗಿನ ಅಗಲ ಎರಡೂವರೆ ಮಿ.ಮೀ., ಉದ್ದ ಐದು ಮೀಟರ್ ಹತ್ತಿರ. ಇಷ್ಟು ಸಣ್ಣ ಪ್ರಮಾಣಕ್ಕೆ ಅದರಲ್ಲಿ ಕಳೆಯುವುದು ನಾಲ್ಕೈದು ಪಿಎಸ್‌ಐ ಮಾತ್ರ. ಪಂಪಿನ ಬಾಯಲ್ಲೂ ಗೇಜ್ ಇಟ್ಟು ನೋಡಿದಾಗ ಇದೇ ಖಚಿತವಾಯಿತು. ಪೈಪ್ ಬದಲಿಸುವ ಖರ್ಚು ಉಳಿಯಿತು.

ಎರಡನೆಯದು ವೈರಿಂಗ್. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.7 ವೋಲ್ಟ್, ಪಂಪಿನ ಕನೆಕ್ಟರಿನಲ್ಲಿ 11.1. ಪಂಪಿಗೆ ಕರೆಂಟ್ ಎಳೆದಿದ್ದು ಒಳಗಿನ 12 ವೋಲ್ಟ್ ಸಾಕೆಟಿನ ಫ್ಯೂಸಿನಿಂದ, ಒಂದು ಚದರ ಮಿ.ಮೀ. ವೈರಿನಲ್ಲಿ. 8 ಆಂಪಿಯರ್ ಎಳೆಯುವ ಪಂಪಿಗೆ ಆ ವೈರಿನಲ್ಲಿ ಮುಕ್ಕಾಲು ವೋಲ್ಟ್ ಹತ್ತಿರ ಹೋಗುತ್ತಿತ್ತು. ಜಾಸ್ತಿ ಹೋಗುತ್ತಿದ್ದದ್ದು ಅರ್ಥಿಂಗಿನಲ್ಲಿ. ಡಿಕ್ಕಿಯಲ್ಲಿ ಪೇಂಟ್ ಮೇಲೆಯೇ ಬೋಲ್ಟ್ ಬಿಗಿದಿದ್ದರು. ಮಲ್ಟಿಮೀಟರಿನ ಒಂದು ತುದಿ ಪಂಪಿನ ಅರ್ಥ್ ವೈರಿಗೆ, ಇನ್ನೊಂದು ಬ್ಯಾಟರಿ ನೆಗೆಟಿವಿಗೆ ಇಟ್ಟಾಗ ಒಂದೂವರೆ ವೋಲ್ಟ್ ತೋರಿಸಿತು. ಅಲ್ಲಿ ಸೊನ್ನೆಯ ಹತ್ತಿರ ಇರಬೇಕು.

ಬ್ಯಾಟರಿಯಿಂದ ನೇರವಾಗಿ 4 ಚದರ ಮಿ.ಮೀ. ವೈರ್, ಬ್ಯಾಟರಿ ಹತ್ತಿರವೇ 15 ಆಂಪಿಯರ್ ಫ್ಯೂಸ್, ಪೇಂಟ್ ಕೆರೆದು ಹೊಸ ಅರ್ಥಿಂಗ್. ಒತ್ತಡ 84ರಿಂದ 98ಕ್ಕೆ ಏರಿತು. ಚೆನ್ನಾಯಿತು, ಆದರೆ 150 ಇನ್ನೂ ದೂರ.

ಮೂರನೆಯದು ಪಂಪಿನ ಒಳಗೇ ಇತ್ತು. ಇದು ಬೈಪಾಸ್ ಇರುವ ಡಯಾಫ್ರಂ ಪಂಪ್. ಒತ್ತಡ ಒಂದು ಮಟ್ಟ ಮುಟ್ಟಿದರೆ ಸ್ಪ್ರಿಂಗ್ ಬಿಟ್ಟುಕೊಟ್ಟು ದ್ರವ ಒಳಗೊಳಗೇ ಸುತ್ತುತ್ತದೆ. ಆ ಸ್ಪ್ರಿಂಗಿನ ಬಿಗಿ ತಲೆಯ ಮೇಲಿನ ಒಂದು ಸ್ಕ್ರೂನಲ್ಲಿದೆ. ಸ್ಟಿಕರಿನ 150 ಅಂದರೆ ಅಲ್ಲಿವರೆಗೆ ಏರಿಸಬಹುದು ಅಂತ, ಪೆಟ್ಟಿಗೆಯಿಂದ ತೆಗೆದಾಗಲೇ ಅಷ್ಟಿರುತ್ತದೆ ಅಂತ ಅಲ್ಲ. ಗೇಜ್ ನೋಡಿಕೊಂಡು, ಕಾಲು ಸುತ್ತು, ಮತ್ತೆ ಕಾಲು ಸುತ್ತು ಬಿಗಿದು 150ಕ್ಕೆ ತಂದರು. ಪಂಪ್ ಎಳೆಯುವ ಕರೆಂಟ್ 10 ಆಂಪಿಯರಿಗೆ ಏರಿತು. ಹಳೆಯ ವೈರಿಂಗ್ ಹಾಗೇ ಇಟ್ಟು ಸ್ಕ್ರೂ ಮಾತ್ರ ಬಿಗಿದಿದ್ದರೆ ವೋಲ್ಟೇಜ್ ಇನ್ನೂ ಬೀಳುತ್ತಿತ್ತು, ವೈರ್ ಬಿಸಿಯಾಗುತ್ತಿತ್ತು. ಈ ಕೆಲಸದಲ್ಲಿ ಯಾವುದು ಮೊದಲು ಅನ್ನೋದು ಮುಖ್ಯ.

ಒತ್ತಡ ಏರಿದ ಕೂಡಲೇ ಒಂದು ಪುಶ್ ಫಿಟ್ಟಿಂಗ್ ಸೋರಲು ಶುರುವಾಯಿತು. ಪೈಪನ್ನು ಕಟಿಂಗ್ ಪ್ಲೈಯರಿನಲ್ಲಿ ಓರೆಯಾಗಿ ಕತ್ತರಿಸಿದ್ದರು, ಒಳಗಿನ ಓ-ರಿಂಗ್ ಅರ್ಧ ಕಡೆ ಮಾತ್ರ ಹಿಡಿದಿತ್ತು. ಬ್ಲೇಡಿನಲ್ಲಿ ನೇರ ಕತ್ತರಿಸಿ ಒತ್ತಿದ ಮೇಲೆ ನಿಂತಿತು.

ಹಳೆಯ ನಾಝಲ್ ಬಿಚ್ಚಿ ನೋಡಿದಾಗ ಇನ್ನೊಂದು ಕಂಡಿತು. ಒಳಗಿನ ಜಾಲರಿ ಮೇಲೆ ಬೆಳ್ಳಗೆ ಸುಣ್ಣದಂಥ ಪದರ. ಮಿಶ್ರಣಕ್ಕೆ ಹಾಕುತ್ತಿದ್ದದ್ದು ಗ್ಯಾರೇಜಿನ ಬೋರ್‌ವೆಲ್ ನೀರು. ನಮ್ಮ ಬೋರ್‌ವೆಲ್ ನೀರು ಬಕೆಟ್ಟಿಗೆ ಏನು ಮಾಡುತ್ತದೆ ಅಂತ ಎಲ್ಲರಿಗೂ ಗೊತ್ತು, ಅಲ್ವಾ? ಅರ್ಧ ಮಿ.ಮೀ. ತೂತಿಗೆ ಏನು ಮಾಡಬಹುದು ಯೋಚಿಸಿ. ಅಂದಿನಿಂದ ಡಿಸ್ಟಿಲ್ಡ್ ವಾಟರ್ ಮಾತ್ರ, ಬ್ಯಾಟರಿಗೆ ಹಾಕುವಂಥದ್ದು.

ಒಂದರ ಬದಲು ಎರಡು

150 ಪಿಎಸ್‌ಐ ಸಿಕ್ಕ ಮೇಲೆ 225ರ ನಾಝಲೇ ಸಾಕು ಅಂತ ಗೊತ್ತಾಯಿತು. ಮೊದಲ ಲೆಕ್ಕ ಸರಿಯೇ ಇತ್ತು. ಆದರೆ ಕೆಳಗಿನ ಮುಗ್ಗರಿಕೆ ಉಳಿಯಿತು. ಅದಕ್ಕೆ ಎರಡು ದಾರಿ ಇದ್ದವು. ಒತ್ತಡ ಸದಾ 150ರಲ್ಲಿಟ್ಟು, ನಾಝಲ್ ಹತ್ತಿರ ವೇಗವಾಗಿ ತೆರೆದು ಮುಚ್ಚುವ ವಾಲ್ವ್ ಇಟ್ಟು ಪ್ರಮಾಣ ನಿಯಂತ್ರಿಸುವುದು ಒಂದು. ಅದು ಒಳ್ಳೆಯದು, ದುಬಾರಿ ಕೂಡ. ಮಾಲೀಕರ ಕೈ ಪ್ಲಗ್, ಕಾಯಿಲ್ ಅಂತ ಆಗಲೇ ಖಾಲಿಯಾಗಿತ್ತು.

ಎರಡನೆಯದನ್ನು ಆರಿಸಿದರು. 225ನ್ನು ಒಡೆದು 75 ಮತ್ತು 150ರ ಎರಡು ನಾಝಲ್. ಪಂಪಿನ ವೇಗ ಏರಿಳಿಸುವುದನ್ನೇ ನಿಲ್ಲಿಸಿದರು. ಬೂಸ್ಟ್ 10 ಆದಾಗ ಪಂಪ್ ಪೂರ್ತಿ ವೇಗದಲ್ಲಿ ಶುರು, ಸಣ್ಣ ನಾಝಲ್ ಮಾತ್ರ ತೆರೆದಿರುತ್ತದೆ. ಆಗ ವ್ಯತ್ಯಾಸ 140, ಬರುವುದು 89 ಮಿ.ಲೀ. 3,000 ಆರ್‌ಪಿಎಂನಲ್ಲಿ ಪೆಟ್ರೋಲಿನ ಶೇಕಡ 16ರಷ್ಟು. ಬೂಸ್ಟ್ 15 ದಾಟಿದರೆ ಕರೆಂಟಿನಿಂದ ತೆರೆಯುವ ಸೊಲೆನಾಯ್ಡ್ ವಾಲ್ವ್ ಎರಡನೆಯದನ್ನು ತೆರೆಯುತ್ತದೆ. 20ರಲ್ಲಿ ಎರಡೂ ಸೇರಿ 256. ಯಾವ ಹಂತದಲ್ಲೂ ಸ್ಪ್ರೇ ಮಂಜಾಗಿಯೇ ಇರುತ್ತದೆ. ಸಣ್ಣ ನಾಝಲಿಗೆ ಚೆಕ್ ವಾಲ್ವ್ (ಪಂಪಿನ ಒತ್ತಡ ಇಲ್ಲದಾಗ ಮುಚ್ಚಿಕೊಳ್ಳುವಂಥದ್ದು) ಹಾಕಿದರು. ಟ್ಯಾಂಕ್ ನಾಝಲಿಗಿಂತ ಎತ್ತರದಲ್ಲಿದ್ದರೆ ಕಾರು ನಿಂತಾಗಲೂ ಮಿಶ್ರಣ ತಾನೇ ಹರಿದು ಇಂಟೇಕಿನಲ್ಲಿ ತುಂಬಿಕೊಳ್ಳಬಹುದು, ಮಾರನೆ ದಿನ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಡೈನೊ ಮೇಲೆ ಟೈಮಿಂಗ್ ಹಿಂದೆಳೆತ ನಾಲ್ಕೂ ಸಿಲಿಂಡರಿನಲ್ಲಿ 2 ಡಿಗ್ರಿಯ ಒಳಗೆ ಬಂತು. ಮಿಸ್‌ಫೈರ್ ಹೋಯಿತು, ಮುಗ್ಗರಿಕೆಯೂ ಹೋಯಿತು. ಗಾಳಿಯ ತಾಪಮಾನ ಮಾತ್ರ ಲಾಗಿನಲ್ಲಿ ಇಳಿಯಲೇ ಇಲ್ಲ. ಮಾಲೀಕರಿಗೆ ಇದು ಬೇಜಾರು. ಆದರೆ ಈ ಕಾರಿನಲ್ಲಿ ಸೆನ್ಸರ್ ಇರುವುದು ನಾಝಲಿಗಿಂತ ಮುಂಚೆ. ಅದಕ್ಕೆ ತಂಪು ತಾಗುವುದೇ ಇಲ್ಲ.

ಫೇಲ್‌ಸೇಫ್ ಮತ್ತು ಒಂದು ಜಗಳ

ಇಲ್ಲಿವರೆಗೆ ಮಿಶ್ರಣ ನಿಂತುಹೋದರೆ ಎಂಜಿನ್ ಉಳಿಸುವ ವ್ಯವಸ್ಥೆ ಅಂತ ಇದ್ದದ್ದು ಟ್ಯಾಂಕಿನ ಫ್ಲೋಟ್ ಒಂದೇ. ಟ್ಯಾಂಕ್ ಖಾಲಿಯಾದರೆ ಲೈಟ್ ಹತ್ತುತ್ತದೆ. 5,500 ಆರ್‌ಪಿಎಂನಲ್ಲಿ ಆ ಲೈಟನ್ನು ಯಾರು ನೋಡುತ್ತಾರೆ?

ಇದು ಹೊಸ ತಲೆನೋವೇನಲ್ಲ. 1962ರಲ್ಲಿ ಅಮೆರಿಕದಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿನಲ್ಲಿ ಕಂಪನಿಯಿಂದಲೇ ನೀರು-ಮೆಥನಾಲ್ ಇಂಜೆಕ್ಷನ್ ಇತ್ತು. ಟರ್ಬೊ ಇದ್ದೂ ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿಯನ್ನು ಒತ್ತುವ ಪ್ರಮಾಣ) 10.25ಕ್ಕೆ 1. ದ್ರವ ಖಾಲಿಯಾದರೆ ಬೂಸ್ಟ್ ತಾನೇ ತಗ್ಗುವ ಹಾಗೆ ಅವರು ವಾಲ್ವ್ ಇಟ್ಟಿದ್ದರು. ಮಾಲೀಕರು ದ್ರವ ತುಂಬಿಸಲು ಮರೆತರು, ಕಾರು ಓಡಲ್ಲ ಅಂತ ದೂರಿದರು, ಎಷ್ಟೋ ಕಾರುಗಳಿಂದ ಟರ್ಬೊವನ್ನೇ ತೆಗೆದುಹಾಕಲಾಯಿತು. ಕಾರು ಉಳಿಯಲಿಲ್ಲ, ಎಂಜಿನ್ ಉಳಿಸುವ ಆ ಯೋಚನೆ ಮಾತ್ರ ಸರಿಯಾಗಿತ್ತು.

ಇಲ್ಲಿ ಪಂಪಿಗೂ ನಾಝಲಿಗೂ ನಡುವೆ ಫ್ಲೋ ಸೆನ್ಸರ್ ಹಾಕಿದರು. ಬೂಸ್ಟಿಗೆ ತಕ್ಕ ಪ್ರಮಾಣ ಹರಿಯದಿದ್ದರೆ ಬೂಸ್ಟ್ ಏರಿಸುವ ಸೊಲೆನಾಯ್ಡಿನ ಕರೆಂಟ್ ಕಟ್. ಆಗ ಬೂಸ್ಟ್ ವೇಸ್ಟ್‌ಗೇಟ್ (ಟರ್ಬೊಗೆ ಹೋಗುವ ಹೊಗೆಯನ್ನು ಪಕ್ಕಕ್ಕೆ ಬಿಟ್ಟು ಬೂಸ್ಟ್ ಮಿತಿಯಲ್ಲಿಡುವ ಬಾಗಿಲು) ಸ್ಪ್ರಿಂಗಿನ 9 ಪಿಎಸ್‌ಐಗೆ ಬೀಳುತ್ತದೆ. ಪೈಪ್ ಕಿತ್ತು, ಪಂಪಿನ ಫ್ಯೂಸ್ ತೆಗೆದು, ಟ್ಯಾಂಕ್ ಖಾಲಿ ಮಾಡಿ, ಮೂರೂ ರೀತಿ ಡೈನೊ ಮೇಲೆ ಪರೀಕ್ಷಿಸಿದರು. ಟ್ಯೂನರ್ ಇನ್ನೊಂದು ಎಚ್ಚರವನ್ನೂ ವಹಿಸಿದರು. ಮೆಥನಾಲ್ ಉರಿಯುತ್ತದೆ ಅಂತ ಪೆಟ್ರೋಲ್ ಕಡಿಮೆ ಮಾಡಲಿಲ್ಲ. ಪವರ್ ಸ್ವಲ್ಪ ಬಿಟ್ಟುಕೊಟ್ಟಂತೆ ಆಯಿತು, ಆದರೆ ಮಿಶ್ರಣ ನಿಂತ ಆ ಅರ್ಧ ಸೆಕೆಂಡಿನಲ್ಲಿ ಎಂಜಿನ್ ಲೀನ್ ಆಗುವುದಿಲ್ಲ, ಅಂದರೆ ಗಾಳಿಗೆ ತಕ್ಕ ಇಂಧನ ಕಮ್ಮಿಯಾಗುವುದಿಲ್ಲ.

ಜಗಳ ಆದದ್ದು ಟೈಮಿಂಗ್ ವಿಷಯಕ್ಕೆ. ಈಗ ನಾಕಿಂಗ್ ಇಲ್ಲವಲ್ಲ, ಇನ್ನೂ 3 ಡಿಗ್ರಿ ಮುಂದೆ ಕೊಡಿ ಅಂತ ಮಾಲೀಕರು. ಆಗಲ್ಲ ಅಂತ ಟ್ಯೂನರ್. ಅವರ ಕಾರಣ ಇದು: ಫ್ಲೋ ಸೆನ್ಸರ್ ನೋಡುವುದು ಎರಡೂ ನಾಝಲಿನ ಒಟ್ಟು ಪ್ರಮಾಣ. ಸಣ್ಣಪುಟ್ಟ ಏರಿಳಿತಕ್ಕೆಲ್ಲ ಬೂಸ್ಟ್ ಕಟ್ ಆಗದಿರಲಿ ಅಂತ ಅದಕ್ಕೆ ಶೇಕಡ 15ರಷ್ಟು ಸಡಿಲ ಕೊಟ್ಟಿದ್ದರು. ಒಂದು ನಾಝಲ್ ಪೂರ್ತಿ ಕಟ್ಟಿಕೊಂಡರೆ ಸೆನ್ಸರ್ ಹಿಡಿಯುತ್ತದೆ. ದೊಡ್ಡ ನಾಝಲ್ ಐದನೇ ಒಂದು ಭಾಗ ಕಟ್ಟಿಕೊಂಡರೆ ಒಟ್ಟಿನಲ್ಲಿ ಕಮ್ಮಿಯಾಗುವುದು ಶೇಕಡ 13. ಸೆನ್ಸರ್ ಸುಮ್ನೆ ಇರುತ್ತದೆ. ಆ 3 ಡಿಗ್ರಿಯನ್ನು ಆಗ ಎಂಜಿನ್ ತಡೆಯುತ್ತದೆ ಅಂತ ಯಾರೂ ಬರೆದುಕೊಡಲಾರರು.

ಕೊನೆಗೆ 1 ಡಿಗ್ರಿಗೆ ರಾಜಿಯಾಯಿತು. ಪ್ರತಿ ಟ್ರ್ಯಾಕ್ ಡೇ ಮುಂಚೆ ಎರಡೂ ನಾಝಲ್ ಬಿಚ್ಚಿ ಒಂದೊಂದನ್ನೇ ಜಾರಿಗೆ ಹಿಡಿದು ಅಳೆಯಬೇಕು ಅಂತ ಷರತ್ತು. ಈ ಸಲ ಹೋಲಿಸಬೇಕಾದ ಅಂಕಿಗಳನ್ನು ಪರ್ಮನೆಂಟ್ ಮಾರ್ಕರಿನಲ್ಲಿ ಜಾರಿನ ಮೇಲೆಯೇ ಬರೆದಿಟ್ಟಿದ್ದಾರೆ: 150 ಪಿಎಸ್‌ಐನಲ್ಲಿ ಅರ್ಧ ನಿಮಿಷಕ್ಕೆ ಸಣ್ಣದು 46, ದೊಡ್ಡದು 92.